ಯಾರ ಪಾಲಿಗೂ ಇಲ್ಲದ ನೀರು

ನನ್ನ ಅತ್ತೆ ಬಲು ಕೆಟ್ಟ ಹೆಂಗಸು ಎಂದು ನಾನು ಎಷ್ಟು ಮಂದಿಯ ಮುಂದೆ ಹೇಳಿದ್ದೇನೋ ದೇವರೇ ಬಲ್ಲ. ಬೀಗರ ಮುಂದೆ ಹೇಳಿದ್ದೇನೆ, ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಗುರುತಿಲ್ಲದ ಹೆಂಗಸರ ಮುಂದೆಯೂ ಹೇಳಿದ್ದೇನೆ. ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಆಕೆ ಕೆಟ್ಟವಳೇ. ಆದರೆ ಹೇಳುವಾಗಲೆಲ್ಲ ಒಂದು ಸಂಗತಿಯನ್ನು ನುಂಗಿಕೊಂಡು ಉಳಿದದ್ದನ್ನು ಹೇಳುತ್ತಿದ್ದೆ. ಈಗ ನನಗೂ ಆಕೆಯ ವಯಸ್ಸಾಗಿದೆ. ಇನ್ನು ಹೊಟ್ಟೆಯಲ್ಲಿಟ್ಟುಕೊಂಡು ಏನು ಮಾಡಲಿ?

ಆಕೆ ನನ್ನ ಅಪ್ಪನ ಒಡಹುಟ್ಟಿದ ಅಕ್ಕ. ನಮ್ಮದು ಕುರಿ ಕಾಯುವ ಮನೆತನ. ಅಪ್ಪನೊಬ್ಬ ಕುರಿ ಬಿಟ್ಟು ವಿಜಾಪುರಕ್ಕೆ ಬಂದು, ಕಚೇರಿಯೊಂದರಲ್ಲಿ ಜವಾನನಾಗಿ ಸೇರಿ, ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಮನೆ ಹಿಡಿದಿದ್ದ. ನಾನು ಹುಟ್ಟಿ ಬೆಳೆದದ್ದು ಅಲ್ಲೇ. ಓಣಿಯ ತುದಿಗೆ ನಳ ಇತ್ತು. ಮುಂಜಾನೆ ನೀರು ಬಿಟ್ಟರೆ ಕೊಡ ತುಂಬಿ, ಹೊರಗೆ ಚೆಲ್ಲಿ, ಗಟಾರಿಗೆ ಹರಿದು ಹೋಗುತ್ತಿದ್ದರೂ ನಾವು ಹುಡುಗಿಯರು ಮಾತಿನಲ್ಲಿ ಮೈಮರೆತಿರುತ್ತಿದ್ದೆವು. ಇಂಥವಳನ್ನು ಅಪ್ಪ ಎಪ್ಪತ್ತರ ಸುಮಾರಿಗೆ ತನ್ನ ಅಕ್ಕನ ಮಗನಿಗೆ ಕೊಟ್ಟ. ತಿಕೋಟಾಕ್ಕೂ ಬಬಲೇಶ್ವರಕ್ಕೂ ನಡುವೆ ನಲವತ್ತು ಮನೆಗಳ ಊರು ಅದು. ಮದುವೆಯ ಹಿಂದಿನ ದಿನದವರೆಗೆ ಅತ್ತೆಗೆ 'ನೀ' ಅನ್ನುತ್ತಿದ್ದೆ, ಮರುದಿನದಿಂದ 'ರೀ' ಅನ್ನಬೇಕಾಯಿತು. ಅಲ್ಲಿಂದಲೇ ನಮ್ಮಿಬ್ಬರಿಗೆ ಸರಿ ಬರಲಿಲ್ಲ.

ಆ ಸೀಮೆಯ ನೆಲವೆಲ್ಲ ಸವಳು. ಡೋಣಿ ಹೊಳೆಯ ನೀರು ಬಾಯಿಗೆ ಹಾಕಿದರೆ ಉಪ್ಪು. ಬಾವಿ ತೋಡಿದರೆ ಅಲ್ಲೂ ಉಪ್ಪು. ಊರ ಮಗ್ಗುಲಿನ ಹಳ್ಳದಲ್ಲಿ, ಮರಳಿನ ಅಡಿಯಲ್ಲಿ, ಒಂದೇ ಒಂದು ಸಿಹಿನೀರಿನ ಒರತೆ ಇತ್ತು. ಮಳೆಯ ನೀರು ಮರಳಿನಲ್ಲಿ ಇಳಿದು, ಕೆಳಗಿನ ಹಳದಿ ಜೇಡಿಮಣ್ಣಿನ ಪದರದ ಮೇಲೆ ನಿಲ್ಲುತ್ತಿತ್ತು. ಆ ಜೇಡಿಯ ಕೆಳಗೆ ಮತ್ತೆ ಸವಳೇ. ಜೇಡಿ ಒಂದು ಕಡೆ ಒಡೆದರೂ ಸಾಕು, ಕೆಳಗಿನ ಉಪ್ಪು ಮೇಲೇರಿ ಇಡೀ ಒರತೆ ಕೆಡುತ್ತದೆ. ಇದನ್ನು ಯಾವ ಇಂಜಿನಿಯರನೂ ಬಂದು ಹೇಳಿಕೊಟ್ಟದ್ದಲ್ಲ. ನಮ್ಮ ಕುರಿಗಾರರ ಮುತ್ತಜ್ಜಿಯರು ಕೈಯಿಂದ ಬಗೆದು ಬಗೆದು ಕಲಿತದ್ದು.

ಹಾಗಾಗಿ ಒರತೆ ಕಾಯುವ ಕೆಲಸ ನಮ್ಮ ಮನೆಯ ಹೆಂಗಸರದು. ಅತ್ತೆಯ ಅತ್ತೆ ಕಾದಿದ್ದಳು, ಆಮೇಲೆ ಅತ್ತೆ. ಅಲ್ಲಿಗೆ ಕಬ್ಬಿಣ ಮುಟ್ಟಿಸುವಂತಿಲ್ಲ, ಮರಳನ್ನು ಕೈಯಲ್ಲೇ ತೆಗೆಯಬೇಕು. ಕೊಡ ಮುಳುಗಿಸುವಂತಿಲ್ಲ, ಸೋರೆಬುರುಡೆಯಿಂದ ಮೆಲ್ಲಗೆ ಮೊಗೆಯಬೇಕು. ಬೇಸಿಗೆಯಲ್ಲಿ ತಲೆಗಿಷ್ಟು ಬುರುಡೆ ಎಂದು ಅತ್ತೆ ಪಾಲು ಹಾಕುತ್ತಿದ್ದಳು. ಹಲ್ಲು ಮೂಡದ ಕೂಸಿಗೆ ಪಾಲಿಲ್ಲ, ಅದರದು ತಾಯಿಯ ಪಾಲಿನಲ್ಲೇ ಬಂತು. ಮಳೆಗಾಲಕ್ಕೆ ಮುಂಚೆ ಮನೆಗೊಬ್ಬರು ಗುಡ್ಡದ ಓರೆಗೆ ಹೋಗಿ ಕಲ್ಲು ಹೊತ್ತು ಒಡ್ಡು ಹಾಕಬೇಕು, ಒಡ್ಡಿನ ಮೇಲಿನ ಹುಲ್ಲಿಗೆ ದೀಪಾವಳಿಯ ತನಕ ಕುರಿ ಬಿಡಬಾರದು. ಊರಿನ ಐದು ಮಂದಿ ಹಿರಿಯರು ಇದನ್ನೆಲ್ಲ ನೋಡಿಕೊಳ್ಳುತ್ತಿದ್ದರು. ಆದರೆ ಅವರೂ ಅತ್ತೆಯ ಮುಖ ನೋಡಿಯೇ ಬಾಯಿ ತೆರೆಯುತ್ತಿದ್ದರು.

ತಪ್ಪಿದವರಿಗೆ ದಂಡವೆಂದರೆ ದುಡ್ಡಲ್ಲ. ಒರತೆಯ ಕೆಳಗೆ, ನೂರು ಹೆಜ್ಜೆ ದೂರದಲ್ಲಿ, ಕುರಿಗಳಿಗೆಂದು ಬೇರೆ ಗುಂಡಿ ಇತ್ತು. ಅರ್ಧ ಸವಳು ನೀರು. ತಪ್ಪಿದವರು ಹನ್ನೊಂದು ದಿನ ಆ ಕುರಿಗುಂಡಿಯಿಂದ ಕುಡಿಯಬೇಕು. ಅದೂ ಕುರಿಗಳು ಕುಡಿದು ಮೇಲೆದ್ದ ನಂತರ. ನೀರಿನ ಮೇಲೆ ಉಣ್ಣೆ ತೇಲುತ್ತಿರುತ್ತದೆ, ಹಿಕ್ಕೆಯೂ ಇರುತ್ತದೆ. ಅಂಥವರಿಗೆ ಯಾರಾದರೂ ಕನಿಕರಪಟ್ಟು ತಮ್ಮ ಪಾಲಿನ ಒಂದು ಗುಟುಕು ಕೊಟ್ಟರೆ ಅವರೂ ಕುರಿಗುಂಡಿಗೇ.

ಆ ದೊಡ್ಡ ಬರದ ವರ್ಷ ನನ್ನ ಮಗಳಿಗೆ ಏಳು ತಿಂಗಳು. ನನ್ನ ಗಂಡ ಉಳಿದ ಗಂಡಸರ ಜೊತೆ ಕುರಿ ಹೊಡೆದುಕೊಂಡು ಕೃಷ್ಣೆಯ ದಂಡೆಗೆ ಹೋಗಿದ್ದ. ಮನೆಯಲ್ಲಿ ಅತ್ತೆ, ನಾನು, ಕೂಸು. ಒಂದು ದಿನ ಬಿಸಿಲೇರಿದ ಮೇಲೆ ನನ್ನ ಸರತಿ ಬಂತು. ಅತ್ತೆ ಹಳ್ಳದ ದಂಡೆಯ ಮೇಲೆ ಯಾರದೋ ಜೊತೆ ಜಗಳಕ್ಕೆ ಬಿದ್ದಿದ್ದಳು. ಕಂಕುಳಲ್ಲಿ ಕೂಸು ಚೀರುತ್ತಿತ್ತು. ಬುರುಡೆಯಿಂದ ಒಂದೊಂದೇ ಮೊಗೆದು ಕೊಡ ತುಂಬುವುದೆಂದರೆ ಜೀವ ಹೋದಂತೆ. ನಾನು ಅತ್ತಿತ್ತ ನೋಡಿ ಕೊಡವನ್ನೇ ಒತ್ತಿ ಮುಳುಗಿಸಿದೆ. ಬುಡ ಕಲಕಿತು, ಒರತೆಯೆಲ್ಲ ರಾಡಿಯಾಯಿತು. ನಲವತ್ತು ಮನೆಯ ಹೆಂಗಸರು ಬರಿಗೊಡ ಹಿಡಿದು ಸಂಜೆಯ ತನಕ ಆ ಬಿಸಿಲಿನಲ್ಲಿ ಕೂತರು.

ಅತ್ತೆ ನನ್ನನ್ನು ಬಯ್ಯಲಿಲ್ಲ. ಎಲ್ಲರ ಎದುರಿಗೆ ಕೈ ಎತ್ತಿ ಕೆಳಗೆ ತೋರಿಸಿದಳು, ಅಷ್ಟೆ.

"ಹನ್ನೊಂದ ದಿನ," ಅಂದಳು.

"ಎಳೀ ಕೂಸಿನ ತಾಯಿ ಅದಾಳ ಬೇ," ಎಂದು ಯಾರೋ ಮುದುಕಿ ನಡುವೆ ಬಾಯಿ ಹಾಕಿದಳು.

"ಕೂಸಿನ ತಾಯಿಗೆ ಕೊಡ ಮುಳುಗಸಾಕ ಬಂತಲ್ಲ? ಕುರಿಗುಂಡ್ಯಾಗ ಮೊಗದ ಕುಡ್ಯಾಕೂ ಬರತೈತಿ."

ಮೊದಲ ದಿನ ಆ ನೀರನ್ನು ಸೆರಗಿನಲ್ಲಿ ಸೋಸಿ ಮೂಗು ಹಿಡಿದು ಕುಡಿದೆ, ಕಾರಿಕೊಂಡೆ. ಎರಡನೆಯ ದಿನ ಕುಡಿದದ್ದು ಒಳಗೆ ನಿಂತಿತು. ಮೂರನೆಯ ದಿನಕ್ಕೆ ಎದೆಹಾಲು ಬತ್ತತೊಡಗಿತು. ಹಿಂಡಿದರೂ ಬರಲಿಲ್ಲ. ಕೂಸು ಬರೀ ಎದೆಯನ್ನು ಜಗ್ಗಿ ಜಗ್ಗಿ ಅಳುತ್ತಿತ್ತು. ಬೇರೆ ದಾರಿ ಕಾಣದೆ ಆ ನೀರನ್ನೇ ಕಾಯಿಸಿ ಅಕ್ಕಿ ಗಂಜಿ ಮಾಡಿ ಕುಡಿಸಿದೆ. ನಾಲ್ಕನೆಯ ದಿನ ಕೂಸಿಗೆ ಭೇದಿ ಹತ್ತಿತು. ಐದನೆಯ ದಿನ ಅಳುವುದಕ್ಕೂ ಅದರ ಮೈಯಲ್ಲಿ ತ್ರಾಣ ಉಳಿಯಲಿಲ್ಲ. ಅಳು ನಿಂತದ್ದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಅತ್ತೆಯ ಕಾಲು ಹಿಡಿದೆ. ಸುಳ್ಳಲ್ಲ, ನಿಜವಾಗಿ ಹಿಡಿದೆ.

"ಅತ್ತಿ, ನನಗ ಬ್ಯಾಡ್ರಿ. ಕೂಸಿಗೆ ಎರಡ ಗುಟುಕ ಕೊಡ್ರಿ. ನಿಮ್ಮ ಪಾಲಿನ ನೀರಾಗಿಂದ ಕೊಡ್ರಿ."

"ದಂಡ ಹಾಕಿದಾಕಿ ನಾನ. ನಾನ ಕೊಟ್ರ ನಾಳೆ ಎಲ್ಲಾರೂ ತಮ್ಮ ತಮ್ಮ ಮನ್ಯಾಗ ಕೊಡತಾರ. ಆಮ್ಯಾಲೆ ಒರತಿ ಉಳೀತೈತೇನು?"

"ಕೂಸಿನ ಕಣ್ಣ ಒಳಗ ಹೋಗ್ಯಾವ, ನೋಡ್ರಿ."

"ನೋಡೇನಿ."

"ಸತ್ತ ಹೋದ್ರ?"

"ಸತ್ರ ನಾನೂ ಅಳತೇನಿ. ನನ್ನ ಮೊಮ್ಮಗಳು ಅದು. ಆದ್ರ ಪಾಲಿನ ನೀರ ಕೊಡಾಂಗಿಲ್ಲ."

ಹಾಳಾದವಳೇ, ನಿನ್ನ ಬಾಯಲ್ಲಿ ಹುಳ ಬೀಳಲಿ ಎಂದು ಮನಸ್ಸಿನಲ್ಲೇ ಶಪಿಸಿದೆ. ವಿಜಾಪುರಕ್ಕೆ ಹೊರಟು ಬಿಡೋಣವೆಂದರೆ ತಿಕೋಟಾದ ತನಕ ನಡೆಯಬೇಕು. ಆ ಬಿಸಿಲಿನಲ್ಲಿ ಕೂಸು ದಾರಿಯಲ್ಲೇ ಮುಗಿಯುತ್ತಿತ್ತು. ಇದು ಅತ್ತೆಗೂ ಗೊತ್ತಿತ್ತು.

ಆರನೆಯ ದಿನ ಮಟಮಟ ಮಧ್ಯಾಹ್ನ. ಊರಿನ ಮಂದಿಯೆಲ್ಲ ಬಾಗಿಲು ಮುಂದೆ ಮಾಡಿಕೊಂಡು ಬಿದ್ದಿದ್ದರು. ಊರಲ್ಲಿ ಉಳಿದಿದ್ದ ನಾಲ್ಕು ಮುದಿ ಕುರಿಗಳು ನೀರು ಕುಡಿದು ಮೇಲೇಳಲೆಂದು ಕಾಯುತ್ತ ನಾನು ಕುರಿಗುಂಡಿಯ ಹತ್ತಿರ ಕೂತಿದ್ದೆ. ಮೇಲೆ ಒರತೆಯಲ್ಲಿ ಏನೋ ಅಲುಗಾಡಿದಂತಾಯಿತು. ನೋಡಿದರೆ ಅತ್ತೆ. ಸೊಂಟದ ತನಕ ಒರತೆಯೊಳಗೆ ಇಳಿದು ಬಗ್ಗಿದ್ದಳು. ಕೈಯಲ್ಲಿ ಕಳೆ ತೆಗೆಯುವ ಕುರ್ಪಿ. ಕಬ್ಬಿಣದ ಕುರ್ಪಿ! ಕೆರೆಯುವ ಸದ್ದು ನನ್ನ ತನಕ ಕೇಳುತ್ತಿತ್ತು. ನಾನು ಕೂಗಲಿಲ್ಲ, ಎದ್ದು ಹೋಗಿ ತಡೆಯಲೂ ಇಲ್ಲ.

ನಾನು ಮನೆಗೆ ಬರುವ ಹೊತ್ತಿಗೆ ಆಕೆ ಒಂದು ಚರಿಗೆಯಲ್ಲಿ ತಿಳಿನೀರು ತಂದು ಕೂಸಿನ ತಲೆದೆಸೆಗೆ ಇಟ್ಟಿದ್ದಳು. ಸೀರೆಯ ನೆರಿಗೆಗೆಲ್ಲ ಹಳದಿ ಜೇಡಿ.

"ಇದು ಯಾರ ಪಾಲಿಂದೂ ಅಲ್ಲ. ಎಲ್ಲಾರ ಪಾಲಿನ ನೀರ ಮ್ಯಾಲೇ ಐತಿ, ನಾ ಮುಟ್ಟಿಲ್ಲ. ಇದು ತಳದಾಗಿಂದು. ಕುಡಸು," ಅಂದಳು.

ಆಕೆಯ ತಲೆ ಓಡಿದ್ದು ಹೀಗೆ. ತನ್ನ ಪಾಲನ್ನು ಕೊಟ್ಟರೆ ತಾನೇ ಹಾಕಿದ ದಂಡ ಮುರಿಯುತ್ತದೆ. ಪರರ ಪಾಲಿಗೆ ಕೈ ಹಾಕಿದರೆ ಕಳ್ಳತನವಾಗುತ್ತದೆ. ಎರಡೂ ಆಕೆಯ ಕೈಯಲ್ಲಿ ಆಗದ ಕೆಲಸ. ಹಾಗಾಗಿ ಜೇಡಿ ಒಡೆಯದಂತೆ ಅದರ ಮೈಯನ್ನೇ ಇನ್ನೊಂದು ಗೇಣು ಕೆರೆದು ತಗ್ಗು ಮಾಡಿದರೆ ಯಾರ ಹೆಸರಿಗೂ ಇಲ್ಲದ ನೀರು ಒಂದು ಚರಿಗೆ ಸಿಕ್ಕೀತು ಎಂದುಕೊಂಡಳು. ನಲವತ್ತು ವರ್ಷ ಆ ಜೇಡಿಯನ್ನು ಕಾದವಳು! ಇಂಥ ಹುಚ್ಚುತನವನ್ನು ಕಳ್ಳರಾದವರು ಮಾಡುವುದಿಲ್ಲ. ಕಳ್ಳಿಯಾಗಿದ್ದರೆ ನಾಲ್ಕು ಬುರುಡೆ ಮೇಲಿನಿಂದಲೇ ಎತ್ತಿಕೊಂಡು ಬರುತ್ತಿದ್ದಳು, ಒರತೆಗೂ ಏನೂ ಆಗುತ್ತಿರಲಿಲ್ಲ.

ನಾನು ಬಟ್ಟೆ ಅದ್ದಿ ಹನಿ ಹನಿಯಾಗಿ ಕೂಸಿಗೆ ಕುಡಿಸಿದೆ, ನಾನೂ ಕುಡಿದೆ. ಸಂಜೆಗೆ ಕೂಸು ಕಣ್ಣು ಬಿಟ್ಟು ನನ್ನ ಬೆರಳು ಹಿಡಿಯಿತು. ಅತ್ತೆ ಒಮ್ಮೆ ಇಣುಕಿ ನೋಡಿ ಹೊರಗೆ ಹೋಗಿ ಕೂತಳು.

ಮರುದಿನ ಮುಂಜಾನೆ ಮೊದಲ ಸರತಿಯ ಹೆಂಗಸು ಒಂದು ಗುಟುಕು ಬಾಯಿಗೆ ಹಾಕಿದವಳೇ ಥೂ ಎಂದು ಉಗುಳಿದಳು.

"ಅಯ್ಯಯ್ಯ, ಸವಳ ಆಗೇತಲ್ಲ ಬೇ! ಒರತಿ ಸವಳ ಆಗೇತಿ!"

ಊರೆಲ್ಲ ಓಡಿ ಬಂತು. ಎಲ್ಲರೂ ಬೆರಳು ಅದ್ದಿ ನೆಕ್ಕಿ ನೋಡಿದರು. ಕೆರೆದು ತೆಳುವಾದ ಜೇಡಿ ರಾತ್ರಿಯೊಳಗೆ ಒಡೆದು ಕೆಳಗಿನ ಉಪ್ಪು ಮೇಲೇರಿತ್ತು. ಕೆಲವರು ಅಲ್ಲೇ ಮರಳಿನ ಮೇಲೆ ಕುಸಿದು ಕೂತು ಎದೆ ಬಡಿದುಕೊಂಡು ಅತ್ತರು. ಇನ್ನು ನೀರೆಂದರೆ ತಿಕೋಟಾದ ದಾರಿಯಲ್ಲಿದ್ದ ಒಬ್ಬ ಗೌಡರ ತೋಟದ ಬಾವಿ. ಹೋಗಿ ಬರುವುದರೊಳಗೆ ಅರ್ಧ ದಿನ. ಅದೂ ಅವರು ಕೊಟ್ಟರೆ. ಕೈಲಾಗದವರೂ ಬಸುರಿಯರೂ ಆ ಬೇಸಿಗೆ ಹೇಗೆ ಕಳೆದರು ಎಂಬುದನ್ನು ನಾನು ಬರೆಯಲಾರೆ. ಇಬ್ಬರು ಮುದುಕರು ಮಳೆ ಕಾಣಲಿಲ್ಲ.

ಅದೇ ದಿನ ಹಳ್ಳದ ದಂಡೆಯ ಬೇವಿನ ಮರದ ಕೆಳಗೆ ಐವರು ಹಿರಿಯರೂ ಕೂಡಿದರು. ಅವರೊಳಗೆ ಎಲ್ಲರಿಗಿಂತ ಹಿರಿಯನಾದವನು ಒರತೆಗೆ ಇಳಿದು ತಳ ಸವರಿ ಮೇಲೆ ಬಂದ.

"ಕೈಲೆ ತೋಡಿದ್ದಲ್ಲ ಇದು. ಕಬ್ಬಿಣ ಬಿದ್ದೈತಿ. ಯಾರ ಮಾಡ್ಯಾರ, ಅವರ ಎದ್ದ ನಿಂತ ಹೇಳ್ರಿ."

"ಮತ್ಯಾರ ಮಾಡತಾರ?" ಪಕ್ಕದ ಮನೆಯಾಕೆ ನನ್ನ ಕಡೆ ಕೈ ಚಾಚಿದಳು. "ದಂಡ ಬಿದ್ದಾಕಿ ಅದಾಳಲ್ಲ, ನಳದ ನೀರ ಕುಡದ ಬೆಳದಾಕಿ. ಸಿಟ್ಟಿಗೆ ಮಾಡ್ಯಾಳ."

ಎಲ್ಲರೂ ನನ್ನ ಕಡೆ ತಿರುಗಿದರು. ಜೇಡಿ ಒಡೆದವರಿಗೆ ಕುರಿಗುಂಡಿಯಲ್ಲ ದಂಡ. ಸಾಯುವ ತನಕ ಆ ಊರಿನ ನೀರು ಮುಟ್ಟುವಂತಿಲ್ಲ. ಎಂದರೆ ಊರು ಬಿಡಬೇಕು. ಕೂಸು ಮನೆತನದ್ದು, ಅದು ಇಲ್ಲೇ ಉಳಿಯಬೇಕು. ನಾನು ಕೂಸನ್ನು ಎದೆಗೆ ಅವಚಿಕೊಂಡೆ.

ಈಗ ಆ ನುಂಗಿಕೊಂಡ ಸಂಗತಿ. ನನ್ನ ಎದುರಿಗೆ ಕೂತಿದ್ದ ಅತ್ತೆ ನೆಲಕ್ಕೆ ಕೈ ಊರಿದ್ದಳು. ಏಳಲಿಕ್ಕೆ ಊರಿದ್ದಳು. ಮೊಣಕಾಲು ನೋವಿನಿಂದ ಆಕೆಗೆ ಏಳುವುದು ತಡವಾಗುತ್ತಿತ್ತು. ನಾನು ಒಂದು ಉಸಿರು ತಡೆದಿದ್ದರೆ ಆಕೆ ತಾನಾಗಿಯೇ ಎದ್ದು ನಿಂತು ಹೇಳುತ್ತಿದ್ದಳು. ನನಗದು ಸ್ಪಷ್ಟವಾಗಿ ಕಂಡಿತು. ಕಂಡದ್ದಕ್ಕೇ ನಾನು ಮೊದಲು ಬಾಯಿ ಬಿಟ್ಟೆ. ಆಕೆ ತಾನೇ ಒಪ್ಪಿಕೊಂಡ ದೊಡ್ಡವಳು ಅನ್ನಿಸಿಕೊಳ್ಳುವುದು ನನಗೆ ಬೇಡವಾಗಿತ್ತು. ಸಿಕ್ಕಿಬಿದ್ದವಳು ಅನ್ನಿಸಿಕೊಳ್ಳಬೇಕಾಗಿತ್ತು.

"ನಾ ಅಲ್ರಿ! ನಮ್ಮತ್ತಿ! ಕುರ್ಪಿ ತಗೊಂಡ ತೋಡ್ಯಾಳ, ನಿನ್ನೆ ಮಧ್ಯಾಹ್ನ, ನನ್ನ ಕಣ್ಣಾರೆ ನೋಡೇನಿ. ಸೀರಿ ನೋಡ್ರಿ ಬೇಕಾದ್ರ, ಹಳದಿ ಇನ್ನೂ ಹಂಗ ಐತಿ."

ಅತ್ತೆ ಅರ್ಧ ಎದ್ದವಳು ಹಾಗೇ ಕೂತುಬಿಟ್ಟಳು.

"ಖರೇನ ಬೇ?" ಎಂದು ಹಿರಿಯ ಕೇಳಿದ.

"ಖರೆ."

"ಯಾಕ?"

ಹಿರಿಯ ಎರಡು ಸಲ ಕೇಳಿದ. ಕೊನೆಗೆ ನನ್ನ ಕಡೆ ತಿರುಗಿದ.

"ಯಾಕ ತೋಡ್ಯಾಳ ಅಂತ ನಿನಗರ ಗೊತ್ತೈತೇನು ಯವ್ವಾ?"

"ನನಗೇನ ಗೊತ್ತರಿ," ಅಂದೆ.

ಹೇಳಿದ್ದರೆ ನನಗೇನಾಗುತ್ತಿತ್ತು? ದಂಡದ ದಿನಗಳಲ್ಲಿ ಸಿಹಿನೀರು ಕುಡಿದದ್ದಕ್ಕೆ ಇನ್ನೊಂದು ಹನ್ನೊಂದು ದಿನ ಕುರಿಗುಂಡಿ, ಅಷ್ಟೇ. ಸಾಯುವ ಕೂಸಿಗಾಗಿ ತೋಡಿದಳೆಂದು ತಿಳಿದಿದ್ದರೆ ಆ ಐವರಲ್ಲಿ ಮೂವರಾದರೂ ಕರಗುತ್ತಿದ್ದರು. ಅವರೂ ಅಜ್ಜಂದಿರೇ. ನಾನು ಹೇಳಲಿಲ್ಲ. ಹೆದರಿಕೆಯಿಂದ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಹೆದರಿಕೆ ಇತ್ತು, ಆದರೆ ಅದಕ್ಕಿಂತ ಹೆಚ್ಚು ಹಗೆ ಇತ್ತು. ಆ ಗಳಿಗೆಯಲ್ಲಿ ನನ್ನ ಹೊಟ್ಟೆ ತಣ್ಣಗಾಯಿತು ಎಂದರೂ ತಪ್ಪಿಲ್ಲ.

ಆಕೆ ಅಂದೇ ಹೊರಟಳು. ಒಂದು ಗಂಟು, ಒಂದು ಕಂಬಳಿ. ಕೂಸನ್ನು ಎತ್ತಿಕೊಳ್ಳಲಿಲ್ಲ. ಹೊಸ್ತಿಲಲ್ಲಿ ನಿಂತು ನನಗೆ ಕೆಲಸ ಹೇಳಿದಳು.

"ಮಳಿ ಬಿದ್ದ ಮ್ಯಾಲೆ ಒಡದಲ್ಲಿ ಹಳದಿ ಜೇಡಿ ತುಂಬಿ ತುಳಸು. ದನದ ಕಾಲಲೆ ಬ್ಯಾಡ, ಮಂದಿ ಕಾಲಲೆ. ಎರಡ ಮಳಿಗಾಲ ಯಾರಿಗೂ ಮುಟ್ಟಗೊಡಬ್ಯಾಡ. ಒಡ್ಡಿನ ಕಲ್ಲ ತಪ್ಪಿಸಿದವರನ್ನ ಬಿಡಬ್ಯಾಡ."

ಹೋಗುವಾಗ ಊರ ಹೆಂಗಸರು ಆಕೆಯ ಹಿಂದೆ ಮಣ್ಣು ತೂರಿದರು. ತಿಕೋಟಾದ ತನಕ ನಡೆದು, ಬಸ್ಸು ಹತ್ತಿ, ವಿಜಾಪುರದಲ್ಲಿ ತಮ್ಮನ ಮನೆ ಸೇರಿದಳು. ನನ್ನ ಅಪ್ಪನ ಮನೆ. ಗಂಡ ಕೃಷ್ಣೆಯಿಂದ ಬಂದು ಕೇಳಿದಾಗ ಅವನಿಗೂ ನಾನು ಅದೇ ಸುಳ್ಳನ್ನು ಹೇಳಿದೆ. ಅವನು ವಿಜಾಪುರಕ್ಕೆ ಹೋಗಿ ತಾಯಿಯನ್ನು ಕೇಳಿದ. ಅಲ್ಲೂ ಆಕೆ ಬಾಯಿ ಬಿಡಲಿಲ್ಲವಂತೆ.

ಒರತೆ ನನ್ನ ಕೈಗೆ ಬಂತು. ಮನೆಯಲ್ಲಿ ಬೇರೆ ಹೆಂಗಸಿರಲಿಲ್ಲ. ಆಕೆ ಹೇಳಿದಂತೆಯೇ ಜೇಡಿ ತುಂಬಿಸಿದೆ. ನಲವತ್ತು ಮನೆಯವರೂ ಸಾಲಾಗಿ ನಿಂತು ತುಳಿದರು. ಎರಡು ಮಳೆಗಾಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಮೂರನೆಯ ಬೇಸಿಗೆಗೆ ನೀರು ಸಿಹಿಯಾಯಿತು. ನಡುವೆ ಒಮ್ಮೆ ಜೀಪಿನಲ್ಲಿ ಒಬ್ಬ ಸಾಹೇಬ ಬಂದು, ಮದ್ದು ಹಾಕಿ ಸಿಡಿಸಿ ಅಲ್ಲೇ ದೊಡ್ಡ ಬಾವಿ ತೋಡಿಸುತ್ತೇನೆ ಅಂದ. ನಾವು ಹೆಂಗಸರು ಒರತೆಯ ಸುತ್ತ ಕೂತೆವು. ಅವನು ಎಷ್ಟೋ ಹೊತ್ತು ತಿಳಿಹೇಳಿ, ತಿಳಿಗೇಡಿ ಮಂದಿ ಎಂದು ಬೈದು ಹೋದ. ನಾನೂ ದಂಡ ಹಾಕಿದೆ. ಕೊಡ ಮುಳುಗಿಸಿದ ಒಬ್ಬ ಬಸುರಿ ಹುಡುಗಿಯನ್ನು ಕುರಿಗುಂಡಿಗೆ ಕಳಿಸಿದೆ. ಅವಳು ನನ್ನನ್ನು ನೋಡಿದ ನೋಟ ನನಗೆ ಚೆನ್ನಾಗಿ ಗುರುತಿತ್ತು. ಹನ್ನೊಂದು ದಿನದಲ್ಲಿ ಒಂದು ದಿನವೂ ಕಡಿಮೆ ಮಾಡಲಿಲ್ಲ.

ಮಗಳಿಗೆ ಐದು ತುಂಬುವ ಹೊತ್ತಿಗೆ ಅವಳನ್ನು ಕರೆದುಕೊಂಡು ವಿಜಾಪುರಕ್ಕೆ ಹೋದೆ. ಸಂತೆ ಮುಗಿಸಿ ಅಪ್ಪನ ಓಣಿಗೆ ತಿರುಗಿದರೆ ನಳದ ಹತ್ತಿರ ಗದ್ದಲ. ಅತ್ತೆ ನಳದ ಕಟ್ಟೆಯ ಮೇಲೆ ಕೂತಿದ್ದಳು. ತೀರ ಸಣ್ಣವಳಾಗಿದ್ದಳು. ಯಾರದೋ ಕೊಡ ತುಂಬಿ ಚೆಲ್ಲಿದರೆ ಸಾಕು, ಎದ್ದು ನಳ ಬಂದ್ ಮಾಡಿ ಬೈಯುತ್ತಿದ್ದಳು. ಹುಡುಗಿಯರು ಬೇಕೆಂದೇ ನಳ ತಿರುವಿ ಬಿಟ್ಟು ನಗುತ್ತಿದ್ದರು. ಒಬ್ಬಳು ಬೊಗಸೆ ನೀರು ತುಂಬಿ ಆಕೆಯ ಮುಖಕ್ಕೇ ಎರಚಿದಳು. ಅಪ್ಪನ ಮನೆಯವರೂ ಆಕೆಗೆ ತಲೆ ಕೆಟ್ಟಿದೆ ಎಂದು ಕೈಬಿಟ್ಟಿದ್ದರು.

ನಮ್ಮನ್ನು ಕಂಡು ಮುಖ ಒರೆಸಿಕೊಂಡು ಒಳಗೆ ಬಂದಳು. ನನ್ನನ್ನು ಮಾತಾಡಿಸಲಿಲ್ಲ. ಮಗಳನ್ನೇ ನೋಡುತ್ತಿದ್ದಳು. ತಲೆಯಿಂದ ಕಾಲಿನ ತನಕ, ಕೈ, ಬೆರಳು, ಕಣ್ಣು. ಆಮೇಲೆ ಗಡಿಗೆಯಿಂದ ಒಂದು ತಂಬಿಗೆ ನೀರು ಬಗ್ಗಿಸಿಕೊಂಡು ಬಂದು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಬಿಸಲಾಗ ಬಂದಿ ನನ್ನವ್ವ. ಕುಡಿ."

ಮಗಳು ಎರಡು ಹೆಜ್ಜೆ ಹಿಂದೆ ಸರಿದಳು.

"ಒಲ್ಲೆ. ನೀ ಒರತಿ ಕೆಡಿಸಿದಾಕಿ. ನಿನ್ನ ಕೈ ನೀರ ಕುಡೀಬಾರದು. ನಮ್ಮೂರಾಗ ಎಲ್ಲಾರೂ ಹೇಳತಾರ. ಅವ್ವನೂ ಹೇಳ್ಯಾಳ."

ಅತ್ತೆಗೆ ಸಿಟ್ಟು ಬರಲಿಲ್ಲ. ಮಗಳ ಕಡೆಯಿಂದ ಕಣ್ಣು ತೆಗೆದು ನನ್ನ ಕಡೆ ನೋಡಿದಳು. ಬಯ್ಯುವ ನೋಟವಲ್ಲ, ಬೇಡುವ ನೋಟವೂ ಅಲ್ಲ. ಬರೀ ಕಾಯುತ್ತಿದ್ದಳು. ತಂಬಿಗೆ ಹಿಡಿದ ಕೈ ಚಾಚಿದ್ದು ಚಾಚಿದಂತೆಯೇ ಇತ್ತು. ಒಂದೇ ಮಾತು ಸಾಕಾಗಿತ್ತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಪಂಚರಿರಲಿಲ್ಲ, ದಂಡವೂ ಇರಲಿಲ್ಲ.

ನಾನು ಮಗಳ ರಟ್ಟೆ ಹಿಡಿದು ಎಳೆದುಕೊಂಡೆ.

"ಬಸ್ಸಿಗೆ ಹೊತ್ತಾತು, ನಡಿ," ಅಂದೆ.

ಅತ್ತೆ ಆ ನೀರನ್ನು ಚೆಲ್ಲಲಿಲ್ಲ. ಬಾಗಿಲು ದಾಟುವಾಗ ತಿರುಗಿ ನೋಡಿದೆ. ಕೂತಲ್ಲೇ ಕೂತು, ತಂಬಿಗೆ ಎತ್ತಿ, ಅಷ್ಟನ್ನೂ ತಾನೇ ಕುಡಿಯುತ್ತಿದ್ದಳು.